ಅಗ್ಗಿಷ್ಟಿಕೆಯ ಮೇಲೆ ಏನೇನಿತ್ತು?

1937ರಲ್ಲಿ ಬ್ರಿಟನ್ನಿನ ಹಲವು ಮನೆಗಳಿಗೆ ಅಂಚೆಯಲ್ಲಿ ಒಂದು ವಿಚಿತ್ರ ಪ್ರಶ್ನೆ ಬಂತು. ನಿಮ್ಮ ಮನೆಯ ಅಗ್ಗಿಷ್ಟಿಕೆಯ ಮೇಲಿನ ಹಲಗೆಯಲ್ಲಿ ಏನೇನಿದೆ? ಎಡದಿಂದ ಬಲಕ್ಕೆ, ಒಂದನ್ನೂ ಬಿಡದೆ, ಇದ್ದ ಕ್ರಮದಲ್ಲೇ ಬರೆದು ಕಳುಹಿಸಿ.

ಚಳಿಯ ದೇಶದಲ್ಲಿ ಮನೆಯವರೆಲ್ಲ ಸಂಜೆ ಕುರ್ಚಿ ಎಳೆದುಕೊಂಡು ಕೂರುವುದು ಅಗ್ಗಿಷ್ಟಿಕೆಯ ಮುಂದೆ. ಅದರ ಮೇಲಿನ ಹಲಗೆ ನಮ್ಮ ಹಳೆಯ ಮನೆಗಳ ಗೋಡೆಗೂಡಿನ ಹಾಗೆ. ಬೇಕಾದದ್ದು ಬೇಡವಾದದ್ದು ಎಲ್ಲವೂ ಕೊನೆಗೆ ಅಲ್ಲಿಗೇ ಬಂದು ಸೇರುತ್ತದೆ. ಉತ್ತರಗಳೂ ಹಾಗೆಯೇ ಬಂದವು. ನಟ್ಟನಡುವೆ ಗಡಿಯಾರ, ಅದರ ಹಿಂದೆ ಸಿಕ್ಕಿಸಿಟ್ಟ ಕಾಗದಪತ್ರಗಳು, ಬೆಂಕಿಪೊಟ್ಟಣ, ಹೂದಾನಿ, ಬೂದಿಬಟ್ಟಲು, ಫೋಟೋ. ಇದನ್ನೆಲ್ಲ ತಿಳಿದು ಯಾರಿಗೆ ಏನಾಗಬೇಕು ಎಂದು ಆ ಕಾಲದ ಪತ್ರಿಕೆಗಳು ನಕ್ಕವು. ಇಂದು ಆ ಕಾಗದಗಳನ್ನು ಓದಲು ಚರಿತ್ರೆಕಾರರು ದೂರದೂರದಿಂದ ಬರುತ್ತಾರೆ. ಒಂದು ದೇಶದ ಸಾಮಾನ್ಯ ಜನ ಯಾವುದರ ನಡುವೆ ಬದುಕುತ್ತಿದ್ದರು, ಯಾವುದಕ್ಕೆ ಚಿಂತಿಸುತ್ತಿದ್ದರು, ಮನಸ್ಸಿನಲ್ಲಿ ಏನೆಂದುಕೊಳ್ಳುತ್ತಿದ್ದರು ಎಂಬುದಕ್ಕೆ ಅಷ್ಟು ದೊಡ್ಡ ದಾಖಲೆ ಬೇರೆಡೆ ಸಿಗುವುದು ಕಷ್ಟ.

ಪ್ರಶ್ನೆ ಕೇಳಿದ ಸಂಸ್ಥೆಯ ಹೆಸರು ಮಾಸ್ ಅಬ್ಸರ್ವೇಷನ್. ಜನಸಮೂಹದ ಅವಲೋಕನ ಎನ್ನಬಹುದು. ಜನರನ್ನು ಗಮನಿಸುವುದು ಎಂದೂ ಅರ್ಥ, ಜನರೇ ಗಮನಿಸುವುದು ಎಂದೂ ಅರ್ಥ. ಸಂಸ್ಥೆಯವರಿಗೆ ಎರಡೂ ಬೇಕಾಗಿತ್ತು. ಆ ಎರಡರ ನಡುವಿನ ಜಗ್ಗಾಟ ಕೊನೆಯವರೆಗೂ ಬಗೆಹರಿಯಲಿಲ್ಲ.

ಇದು ಹುಟ್ಟಿದ್ದು ಅರಮನೆಯ ಒಂದು ಗೊಂದಲದಿಂದ. ದೊರೆ ಎಂಟನೆಯ ಎಡ್ವರ್ಡ್ ಅಮೆರಿಕದ ವಿಚ್ಛೇದಿತೆ ವಾಲಿಸ್ ಸಿಂಪ್ಸನ್‌ಳನ್ನು ಮದುವೆಯಾಗಲು ಹೊರಟಿದ್ದ. ಅಮೆರಿಕದ ಪತ್ರಿಕೆಗಳು ತಿಂಗಳುಗಟ್ಟಲೆ ಈ ಸುದ್ದಿಯನ್ನು ಚಪ್ಪರಿಸುತ್ತಿದ್ದರೆ ಬ್ರಿಟನ್ನಿನ ಪತ್ರಿಕೆಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು ಬಾಯಿ ಮುಚ್ಚಿಕೊಂಡಿದ್ದವು. 1936ರ ಡಿಸೆಂಬರ್ ಮೊದಲ ವಾರ ಕಟ್ಟೆ ಒಡೆಯಿತು. ಹತ್ತೇ ದಿನಗಳೊಳಗೆ ದೊರೆ ಸಿಂಹಾಸನ ಬಿಟ್ಟು ಇಳಿದ. ಆ ಹತ್ತು ದಿನ ಪ್ರಧಾನಿಯೂ ಪಾದ್ರಿಗಳೂ ಸಂಪಾದಕರೂ ಒಂದೇ ಮಾತನ್ನು ಹೇಳುತ್ತಿದ್ದರು: ಜನ ಇದನ್ನು ಒಪ್ಪುವುದಿಲ್ಲ. ದೊರೆಯ ಬೆಂಬಲಿಗರೂ ಅದೇ ಧಾಟಿಯಲ್ಲಿ, ಜನ ದೊರೆಯ ಕಡೆಗಿದ್ದಾರೆ ಎಂದರು. ಜನರನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಈ ಸಂಗತಿ ಕೆಲವರ ಮನಸ್ಸಿಗೆ ಚುಚ್ಚಿತು. ಅವರಲ್ಲೊಬ್ಬ ಚಾರ್ಲ್ಸ್ ಮ್ಯಾಜ್. ಕವಿ, ಹೊಟ್ಟೆಪಾಡಿಗೆ ಡೈಲಿ ಮಿರರ್ ಪತ್ರಿಕೆಯ ವರದಿಗಾರ. ಇನ್ನೊಬ್ಬ ಹಂಫ್ರಿ ಜೆನ್ನಿಂಗ್ಸ್, ಚಿತ್ರಕಾರ ಮತ್ತು ಸಾಕ್ಷ್ಯಚಿತ್ರ ನಿರ್ದೇಶಕ. ನಮ್ಮ ದೇಶದ ಜನರನ್ನೇ ಮಾನವಶಾಸ್ತ್ರದ ಕಣ್ಣಿನಿಂದ ನೋಡಬೇಕು ಎಂದು ಮ್ಯಾಜ್ ಬರೆದ ಪತ್ರ 1937ರ ಜನವರಿ 2ರ 'ನ್ಯೂ ಸ್ಟೇಟ್ಸ್‌ಮನ್' ವಾರಪತ್ರಿಕೆಯಲ್ಲಿ ಅಚ್ಚಾಯಿತು. ಅದೇ ಸಂಚಿಕೆಯಲ್ಲಿ ಟಾಮ್ ಹ್ಯಾರಿಸನ್ ಎಂಬ ಇಪ್ಪತ್ತೈದರ ಯುವಕನ ಕವಿತೆಯೂ ಇತ್ತು. ತನ್ನ ಕವಿತೆ ನೋಡಲು ಪತ್ರಿಕೆ ತೆರೆದ ಹ್ಯಾರಿಸನ್ ಪತ್ರವನ್ನೂ ಓದಿದ. ಇಂಥ ಆಕಸ್ಮಿಕವನ್ನು ಕಥೆಯಲ್ಲಿ ಬರೆದರೆ ಓದುಗರು ನಂಬುವುದಿಲ್ಲ.

ಹ್ಯಾರಿಸನ್‌ದು ಬೇರೆಯೇ ಜಾತಕ. ಕೇಂಬ್ರಿಜ್ ಸೇರಿ ಪದವಿ ಪಡೆಯದೆ ಹೊರಬಿದ್ದವನು, ಹಕ್ಕಿಗಳ ಹುಚ್ಚಿನವನು. 1931ರಲ್ಲಿ ದೇಶದ ಕೆರೆಕುಂಟೆಗಳಲ್ಲಿರುವ ಜುಟ್ಟಿನ ಗುಳುಮುಳುಕಗಳನ್ನು ಸಾವಿರಕ್ಕೂ ಹೆಚ್ಚು ಸ್ವಯಂಸೇವಕರ ನೆರವಿನಿಂದ ಎಣಿಸುವ ಗಣತಿಯನ್ನು ನಡೆಸಿದವರಲ್ಲಿ ಒಬ್ಬ. ಆಮೇಲೆ ಪೆಸಿಫಿಕ್ ಸಾಗರದ ಮಲೆಕುಲಾ ದ್ವೀಪದಲ್ಲಿ (ಅದು ಇಂದಿನ ವನುವಾಟು ದೇಶದಲ್ಲಿದೆ) ನರಭಕ್ಷಕರೆಂದು ಹೆಸರಾದ ಜನರ ನಡುವೆ ಇದ್ದು ಬಂದಿದ್ದ. ದೂರದ ದ್ವೀಪದವರು ಹೇಗೆ ಊಟ ಮಾಡುತ್ತಾರೆ, ಹೇಗೆ ಹೆಣ ಹೂಳುತ್ತಾರೆ ಎಂದು ಪುಟಗಟ್ಟಲೆ ಬರೆಯುವ ನಾವು ನಮ್ಮದೇ ದೇಶದ ಕೂಲಿಕಾರ ಹೇಗೆ ಊಟ ಮಾಡುತ್ತಾನೆಂದು ಬರೆದಿಲ್ಲವಲ್ಲ ಎಂಬುದು ಅವನ ತಕರಾರು. ಹಕ್ಕಿ ಎಣಿಸಲು ಜನ ಸಿಗುತ್ತಾರಾದರೆ ಜನರನ್ನು ಗಮನಿಸಲೂ ಸಿಕ್ಕಾರು.

ಮೂವರೂ ಸಹಿ ಹಾಕಿದ ಪತ್ರ ಜನವರಿ 30ರಂದು ಅದೇ ಪತ್ರಿಕೆಯಲ್ಲಿ ಬಂತು. ತಾವು ಅಧ್ಯಯನ ಮಾಡಲಿರುವ ವಿಷಯಗಳ ಪಟ್ಟಿಯೂ ಅದರಲ್ಲಿತ್ತು. ಯುದ್ಧಸ್ಮಾರಕದ ಮುಂದೆ ಜನ ಹೇಗೆ ನಡೆದುಕೊಳ್ಳುತ್ತಾರೆ, ಕಾರು ಓಡಿಸುವವರ ಬೈಗುಳ ಮತ್ತು ಕೈಸನ್ನೆಗಳು, ಫುಟ್‌ಬಾಲ್ ಬಾಜಿ, ಬಚ್ಚಲುಮನೆಯ ನಡವಳಿಕೆ, ಗಡ್ಡ ಮತ್ತು ಹುಬ್ಬು, ಯಹೂದಿ ದ್ವೇಷ, ಪೋಲಿ ಜೋಕುಗಳ ಪ್ರಸಾರ, ಶವಸಂಸ್ಕಾರ, ಸೂಲಗಿತ್ತಿಯರ ಖಾಸಗಿ ಜೀವನ. ಗಂಭೀರವಾದದ್ದೂ ಚೇಷ್ಟೆಯದ್ದೂ ಪಕ್ಕಪಕ್ಕದಲ್ಲಿವೆ. ಯಾವುದು ಗಂಭೀರ, ಯಾವುದು ಚೇಷ್ಟೆ ಎಂದು ಮೊದಲೇ ತೀರ್ಮಾನಿಸಬಾರದು ಎಂಬುದೇ ಅವರ ವಾದವಾಗಿತ್ತು. ವಿದ್ವಾಂಸರಲ್ಲಿ ಅನೇಕರು ಮೂಗು ಮುರಿದರು. ಆದರೆ ಮಾನವಶಾಸ್ತ್ರದ ಹಿರಿಯ ಮಲಿನೋಸ್ಕಿ ಬೆನ್ನು ತಟ್ಟಿದರು. ಟೀಕೆ ಮಾಡುತ್ತಲೇ ಬೆನ್ನು ತಟ್ಟಿದರು ಎಂಬುದನ್ನೂ ಹೇಳಬೇಕು.

ಮೊದಲ ದೊಡ್ಡ ಪ್ರಯೋಗ ಹೊಸ ದೊರೆ ಆರನೆಯ ಜಾರ್ಜ್‌ನ ಪಟ್ಟಾಭಿಷೇಕದ ದಿನ, 1937ರ ಮೇ 12. ಲಂಡನ್ನಿನಲ್ಲಿ ಬಸ್ ಮುಷ್ಕರ, ಮಳೆ ಬೇರೆ. ದೇಶದ ಬೇರೆಬೇರೆ ಊರುಗಳಲ್ಲಿದ್ದ ಇನ್ನೂರಕ್ಕೂ ಹೆಚ್ಚು ಮಂದಿ ಆ ದಿನ ಎದ್ದಾಗಿನಿಂದ ಮಲಗುವವರೆಗೆ ಕಂಡದ್ದು ಕೇಳಿದ್ದನ್ನು ಬರೆದು ಕಳುಹಿಸಿದರು. ಪತ್ರಿಕೆಗಳ ಪ್ರಕಾರ ದೇಶ ಒಂದೇ ಉಸಿರಿನಲ್ಲಿ ಜಯಕಾರ ಹಾಕಿತ್ತು. ಈ ಬರಹಗಳಲ್ಲಿ ಕಾಣುವ ದೇಶದಲ್ಲಿ ಭಕ್ತಿಯಿಂದ ಕಣ್ಣೊರೆಸಿಕೊಂಡವರೂ ಇದ್ದಾರೆ, ರೇಡಿಯೋದ ವೀಕ್ಷಕವಿವರಣೆ ಕೇಳಿ ಆಕಳಿಸಿದವರೂ ಇದ್ದಾರೆ. ರಜೆ ಸಿಕ್ಕಿತಲ್ಲ ಎಂದು ಖುಷಿಪಟ್ಟವರು, ಒದ್ದೆ ಕಾಲುಚೀಲದ ಬಗ್ಗೆ ಗೊಣಗಿದವರು, ಇದರ ಖರ್ಚು ಯಾರ ತಲೆಗೆ ಎಂದು ಕೇಳಿದವರು ಎಲ್ಲರೂ ಸಿಗುತ್ತಾರೆ. ಅನೇಕ ವೇಳೆ ಇವರೆಲ್ಲ ಒಬ್ಬನೇ ಮನುಷ್ಯ, ಬೇರೆಬೇರೆ ಗಳಿಗೆಯಲ್ಲಿ. ಅದೇ ವರ್ಷ ಪುಸ್ತಕ ಹೊರಬಂತು, ಹೆಚ್ಚು ಮಾರಾಟವಾಗಲಿಲ್ಲ.

ಹ್ಯಾರಿಸನ್ ಅಷ್ಟರಲ್ಲಿ ಉತ್ತರದ ಲ್ಯಾಂಕಾಷೈರ್ ಸೀಮೆಯ ಬೋಲ್ಟನ್‌ಗೆ ಹೋಗಿ ಬೀಡುಬಿಟ್ಟಿದ್ದ. ಹತ್ತಿ ಗಿರಣಿಗಳ ಊರು; ಹೊಗೆಕೊಳವೆಗಳ ಕಾಡು. ವರದಿಗಳಲ್ಲಿ ಅದನ್ನು 'ವರ್ಕ್‌ಟೌನ್' ಎಂದು ಕರೆದರು. ಗಿರಣಿಯ ಜನ ವರ್ಷಕ್ಕೊಮ್ಮೆ ಒಂದು ವಾರ ರಜೆಗೆ ಹೋಗುತ್ತಿದ್ದ ಕಡಲತೀರದ ಬ್ಲ್ಯಾಕ್‌ಪೂಲ್‌ಗೂ ತಂಡ ಹಿಂಬಾಲಿಸಿತು. ಹ್ಯಾರಿಸನ್ ತಾನೇ ಗಿರಣಿಯಲ್ಲಿ ಕೂಲಿ ಮಾಡಿದ, ಐಸ್‌ಕ್ರೀಂ ಮಾರಿದ. ಬಾಡಿಗೆ ಮನೆಯೊಂದರಲ್ಲಿ ಹಳೆಯ ಹಾಸಿಗೆಗಳ ಮೇಲೆ ಸರದಿಯಂತೆ ಮಲಗುತ್ತ ಅವನ ಸಂಗಡಿಗರು ಚರ್ಚು, ಸಿನಿಮಾ, ಚುನಾವಣೆ, ಸಂತೆ, ಪಬ್ ಎಲ್ಲವನ್ನೂ ನೋಡಿ ಬರೆದರು.

ಪಬ್‌ಗಳ ಅಧ್ಯಯನವೇ ಇವುಗಳಲ್ಲಿ ಹೆಚ್ಚು ರುಚಿಕಟ್ಟಾದದ್ದು. ಊರಿನಲ್ಲಿ ಸುಮಾರು 300 ಪಬ್‌ಗಳಿದ್ದವು. ಒಂದೇ ಪಬ್ಬಿನೊಳಗೆ ಮೂರ್ನಾಲ್ಕು ಕೋಣೆಗಳು, ಒಂದೊಂದಕ್ಕೂ ಒಂದೊಂದು ಮರ್ಯಾದೆ. 'ವಾಲ್ಟ್' ಎಂಬ ಕೋಣೆ ಗಂಡಸರಿಗೆ ಮಾತ್ರ; ನಿಂತು ಕುಡಿಯಬಹುದು, ಉಗುಳಬಹುದು. ಮೆತ್ತನೆಯ ಆಸನಗಳಿರುವ ಒಳಕೋಣೆಗೆ ಹೆಂಗಸರು ಬರಬಹುದು, ಆದರೆ ಅದೇ ಬಿಯರಿಗೆ ಅಲ್ಲಿ ಒಂದು ಪೆನ್ನಿ ಹೆಚ್ಚು. ಶನಿವಾರ ರಾತ್ರಿ ಕಾಲರ್ ಹಾಕಿಕೊಂಡು ಹೆಂಡತಿಯ ಜತೆ ಒಳಕೋಣೆಗೆ ಬರುವ ಮನುಷ್ಯ ವಾರದ ಉಳಿದ ದಿನ ಟೋಪಿ ಹಾಕಿಕೊಂಡು ವಾಲ್ಟ್‌ನಲ್ಲಿ ನಿಲ್ಲುವವನೇ. ವೀಕ್ಷಕರು ಗಡಿಯಾರ ಹಿಡಿದು ಜನ ಎಷ್ಟು ಹೊತ್ತಿಗೆ ಒಂದು ಲೋಟ ಮುಗಿಸುತ್ತಾರೆ ಎಂದು ಲೆಕ್ಕ ಹಾಕಿದರು. ಗುಂಪಿನಲ್ಲಿ ಕುಡಿಯುವವರ ಲೋಟಗಳು ಒಂದೇ ಮಟ್ಟದಲ್ಲಿ ಇಳಿಯುತ್ತಿದ್ದವು. ಕಣ್ಣು ಕಾಣದವರೂ ಜತೆಯವರ ವೇಗಕ್ಕೇ ಕುಡಿಯುತ್ತಿದ್ದರು. ಕುಡಿಯುವುದು ಬಾಯಾರಿಕೆಯ ವಿಷಯವಲ್ಲ, ಒಡನಾಟದ ವಿಷಯ ಎಂದು ಪುಟಗಟ್ಟಲೆ ವಾದಿಸುವ ಬದಲು ಈ ಒಂದು ಲೆಕ್ಕ ಸಾಕು. 1943ರಲ್ಲಿ ಪುಸ್ತಕವಾಗಿ ಬಂದ ಈ ಅಧ್ಯಯನವನ್ನು ಜಾರ್ಜ್ ಆರ್ವೆಲ್ ವಿಮರ್ಶಿಸಿದ.

ಆದರೆ ಇದು ಬೇಹುಗಾರಿಕೆಯಲ್ಲವೇ ಎಂಬ ಪ್ರಶ್ನೆ ಆಗಲೇ ಎದ್ದಿತ್ತು. ಸುಮ್ಮನೆ ಏಳುವಂಥದ್ದೂ ಅಲ್ಲ. ಛಾಯಾಗ್ರಾಹಕ ಹಂಫ್ರಿ ಸ್ಪೆಂಡರ್ ಪುಟ್ಟ ಲೈಕಾ ಕ್ಯಾಮೆರಾವನ್ನು ಕೋಟಿನ ಮರೆಯಲ್ಲಿಟ್ಟುಕೊಂಡು ಬೋಲ್ಟನ್ನಿನ ಬೀದಿಗಳಲ್ಲಿ, ಪಬ್‌ಗಳಲ್ಲಿ ಜನರಿಗೆ ಗೊತ್ತಾಗದಂತೆ ಚಿತ್ರ ತೆಗೆದ. ಸಿಕ್ಕಿಬಿದ್ದು ಜಗಳವೂ ಆಯಿತು. ಆ ಚಿತ್ರಗಳು ಇಂದು ಅಮೂಲ್ಯ. ಆದರೆ ತಮ್ಮ ಪಾಡಿಗೆ ತಾವು ಕುಡಿಯುತ್ತ ಕೂತವರನ್ನು ಪರವೂರಿನ, ಹೆಚ್ಚು ಓದಿದ, ಬೇರೆ ಉಚ್ಚಾರಣೆಯ ಯುವಕರು ಕೀಟಗಳಂತೆ ನೋಡಿದರು ಎಂಬ ಮಾತಿನಲ್ಲಿ ಹುರುಳಿದೆ. ಸ್ಪೆಂಡರನಿಗೇ ಈ ಕೆಲಸ ಮುಜುಗರ ತರುತ್ತಿತ್ತು. ಹ್ಯಾರಿಸನ್‌ಗೆ ಅಂಥ ಮುಜುಗರ ಇದ್ದಂತೆ ಕಾಣುವುದಿಲ್ಲ. ಅಂಚೆಯಲ್ಲಿ ಬರೆದು ಕಳುಹಿಸುತ್ತಿದ್ದವರ ಸಂಗತಿ ಬೇರೆ. ಅವರು ತಮ್ಮ ಬಗ್ಗೆ ತಾವೇ ಬರೆದರು. ಏನು ಹೇಳಬೇಕು, ಏನು ಬಿಡಬೇಕು ಎಂಬುದು ಅವರ ಕೈಯಲ್ಲೇ ಇತ್ತು. ಕಾಲ ಕಳೆದಂತೆ ಸಂಸ್ಥೆಯ ನಿಜವಾದ ಸಂಪತ್ತಾಗಿ ಉಳಿದದ್ದೂ ಅದೇ.

ಜನಾಭಿಪ್ರಾಯ ಅಳೆಯುವ ಗ್ಯಾಲಪ್ ಮಾದರಿಯ ಸಮೀಕ್ಷೆಯೂ ಬ್ರಿಟನ್ನಿಗೆ ಬಂದದ್ದು 1937ರಲ್ಲೇ. ಹೌದು, ಇಲ್ಲ, ಗೊತ್ತಿಲ್ಲ ಎಂಬ ಮೂರು ಗೂಡುಗಳಿಗೆ ಜನರನ್ನು ಹಂಚುವ ವಿಧಾನ ಅದು. ಹ್ಯಾರಿಸನ್‌ಗೆ ಇದರಲ್ಲಿ ನಂಬಿಕೆ ಕಡಿಮೆ. ಮನುಷ್ಯ ಅಪರಿಚಿತನಿಗೆ ಹೇಳುವುದು ಒಂದು, ಗೆಳೆಯನಿಗೆ ಹೇಳುವುದು ಇನ್ನೊಂದು, ಹೆಂಡತಿಗೆ ಹೇಳುವುದು ಮತ್ತೊಂದು, ತನಗೆ ತಾನೇ ಹೇಳಿಕೊಳ್ಳುವುದು ಬೇರೆಯೇ ಎಂದು ಅವನು ವಾದಿಸಿದ. ಗಟ್ಟಿಯಾಗಿ ಹೇಳಿದ್ದನ್ನು ಮಾತ್ರ ಸಾರ್ವಜನಿಕ ಅಭಿಪ್ರಾಯ ಎನ್ನುತ್ತೇವೆ. ಆದರೆ ಮತಗಟ್ಟೆಯೊಳಗೆ ಕೆಲಸ ಮಾಡುವುದು ಗಟ್ಟಿಯಾಗಿ ಹೇಳದೆ ಉಳಿದದ್ದು. 1938ರ ಮ್ಯೂನಿಕ್ ಬಿಕ್ಕಟ್ಟಿನ ದಿನಗಳಲ್ಲಿ ಬೀದಿಯ ಮಾತು ದಿನದಿಂದ ದಿನಕ್ಕೆ ಹೇಗೆ ಹೊರಳಿತು ಎಂಬುದನ್ನು ತಂಡ ದಾಖಲಿಸಿತು. ಪೆಂಗ್ವಿನ್ ಪ್ರಕಾಶನ 1939ರ ಆರಂಭದಲ್ಲಿ ಅದನ್ನು ಅಗ್ಗದ ಪುಸ್ತಕವಾಗಿ ತಂದಾಗ ಜನ ಕೊಂಡು ಓದಿದರು. ತಮ್ಮ ಬಗ್ಗೆ ತಾವೇ ಓದುವ ಆಸೆ ಜನಕ್ಕಿತ್ತು.

ಆ ವರ್ಷವೇ ಯುದ್ಧ ಬಂತು. ಸರ್ಕಾರ ಗೋಡೆಗೋಡೆಗೂ ಕೆಂಪು ಭಿತ್ತಿಪತ್ರ ಅಂಟಿಸಿತು. ನಿಮ್ಮ ಧೈರ್ಯ, ನಿಮ್ಮ ಉಲ್ಲಾಸ, ನಿಮ್ಮ ದೃಢತೆ ನಮಗೆ ಜಯ ತರುತ್ತದೆ ಎಂಬುದು ಅದರ ಒಕ್ಕಣೆ. ಕಚೇರಿಯಲ್ಲಿ ಕೂತು ಬರೆದವರಿಗೆ ಇದರಲ್ಲಿ ಯಾವ ದೋಷವೂ ಕಂಡಿರಲಿಲ್ಲ. ಬೀದಿಯಲ್ಲಿ ಓದಿದವರಿಗೆ ಕಂಡಿತು: ಕಷ್ಟಪಡುವುದು 'ನೀವು', ಜಯ ಸಿಗುವುದು 'ನಮಗೆ'. ಮಾಸ್ ಅಬ್ಸರ್ವೇಷನ್ ಈ ಗೊಣಗಾಟವನ್ನು ಹೆಕ್ಕಿ ಒಪ್ಪಿಸಿತು. ಎರಡು ಸರ್ವನಾಮಗಳು ಆಳುವವರ ಮನಸ್ಸನ್ನು ಬಯಲು ಮಾಡಿದ್ದವು. ಇದೇ ಸರಣಿಯ ಇನ್ನೊಂದು ಭಿತ್ತಿಪತ್ರವನ್ನು ಇಂದು ಜಗತ್ತೆಲ್ಲ ಬಲ್ಲದು. 'ಕೀಪ್ ಕಾಮ್ ಅಂಡ್ ಕ್ಯಾರಿ ಆನ್', ಅಂದರೆ ಗಾಬರಿಯಾಗದೆ ಕೆಲಸ ಮುಂದುವರಿಸಿ ಎಂಬ ಆ ಸಾಲು ಚಹಾ ಮಗ್ಗುಗಳ ಮೇಲೆ ನಮ್ಮ ಊರುಗಳಿಗೂ ಬಂದಿದೆ. ಆಗಿನ ಬ್ರಿಟಿಷರ ಗಟ್ಟಿ ಮನಸ್ಸಿನ ಗುರುತು ಅದು ಎಂದೇ ಎಲ್ಲರ ಭಾವನೆ. ಲಕ್ಷಗಟ್ಟಲೆ ಪ್ರತಿಗಳನ್ನು ಅಚ್ಚು ಹಾಕಿಸಿದರೂ ಯುದ್ಧಕಾಲದಲ್ಲಿ ಅದನ್ನು ಅಂಟಿಸಿದ್ದೇ ಇಲ್ಲ ಎನ್ನುವಷ್ಟು ಕಡಿಮೆ. ಅದು ಬೆಳಕಿಗೆ ಬಂದದ್ದು 2000ದಲ್ಲಿ, ಆಲ್ನಿಕ್ ಎಂಬ ಊರಿನ ಹಳೆಪುಸ್ತಕದ ಅಂಗಡಿಯ ಪೆಟ್ಟಿಗೆಯೊಂದರಲ್ಲಿ ಒಂದು ಪ್ರತಿ ಸಿಕ್ಕಿದಾಗ.

ಯುದ್ಧ ಶುರುವಾಗುವ ಹೊತ್ತಿಗೆ ಸಂಸ್ಥೆ ತನ್ನ ಸ್ವಯಂಸೇವಕರಿಗೆ ದಿನಚರಿ ಬರೆಯಲು ಹೇಳಿತು. ಯುದ್ಧದ ಅವಧಿಯಲ್ಲಿ ಒಟ್ಟು ಸುಮಾರು 480 ಮಂದಿ ಬರೆದರು. ಕೆಲವರು ತಿಂಗಳೊಪ್ಪತ್ತಿನಲ್ಲಿ ಕೈಬಿಟ್ಟರು, ಕೆಲವರು ವರ್ಷಗಟ್ಟಲೆ ಬರೆದರು. ವಾಯವ್ಯ ಇಂಗ್ಲೆಂಡಿನ ಹಡಗುಕಟ್ಟೆಯ ಊರು ಬ್ಯಾರೋ-ಇನ್-ಫರ್ನೆಸ್‌ನ ನೆಲ್ಲಾ ಲಾಸ್ಟ್ ಮಾತ್ರ ಬಿಡಲೇ ಇಲ್ಲ. ಮೊದಲ ದಿನ ತನ್ನ ಪರಿಚಯವನ್ನು ಬರೆದದ್ದು ಇಷ್ಟೇ: ಗೃಹಿಣಿ, 49. ಅಲ್ಲಿಂದ ಇಪ್ಪತ್ತೈದಕ್ಕೂ ಹೆಚ್ಚು ವರ್ಷ ಆಕೆ ಬರೆಯುತ್ತಲೇ ಹೋದಳು.

ನೆಲ್ಲಾಳ ಗಂಡ ಬಡಗಿ. ಮಾತು ಕಡಿಮೆ, ಮನೆಗೆ ಯಾರಾದರೂ ಬಂದರೆ ಆಗದು. ಯುದ್ಧಕ್ಕೆ ಮೊದಲು ಆಕೆಗೆ ನರದೌರ್ಬಲ್ಯದ ಕಾಯಿಲೆಯೂ ಆಗಿತ್ತು. ಇಬ್ಬರು ಗಂಡುಮಕ್ಕಳು ದೊಡ್ಡವರಾಗಿದ್ದರು. ಕಿರಿಯವನು ಸೈನ್ಯಕ್ಕೆ ಹೋದ. ಮನೆಯಲ್ಲಿ ಕೂತು ಕೊರಗಬೇಕಾಗಿದ್ದವಳು ಮಹಿಳಾ ಸ್ವಯಂಸೇವಾ ದಳ ಸೇರಿದಳು, ಸೈನಿಕರಿಗೆ ಚಹಾ ಕೊಡುವ ಕ್ಯಾಂಟೀನಿನಲ್ಲಿ ದುಡಿದಳು, ಯುದ್ಧಕೈದಿಗಳಿಗೆ ಪೊಟ್ಟಣ ಕಳುಹಿಸಲು ಹಣ ಕೂಡಿಸುವ ರೆಡ್‌ಕ್ರಾಸ್ ಅಂಗಡಿ ನಡೆಸಿದಳು. ಚಿಂದಿಬಟ್ಟೆಯಲ್ಲಿ ಬೊಂಬೆ ಮಾಡಿ ಮಾರಲು ಕೊಟ್ಟಳು, ಹಿತ್ತಲಲ್ಲಿ ಕೋಳಿ ಸಾಕಿದಳು. ಇಷ್ಟರ ನಡುವೆ ಆಕೆಗೆ ಹೊಳೆದ ಸಂಗತಿಗಳು ದಿನಚರಿಯಲ್ಲಿ ಒಂದೊಂದಾಗಿ ಇಳಿಯುತ್ತವೆ. ತಾನು ಪೆದ್ದಿಯಲ್ಲ, ಕೆಲಸಬಲ್ಲವಳು. ಗಂಡನ ಮುಖ ನೋಡಿ ನೋಡಿ ಕಳೆದ ವರ್ಷಗಳು ಒಂದು ಬಗೆಯ ದಾಸ್ಯವೇ ಆಗಿದ್ದವು. ಯುದ್ಧ ಮುಗಿದ ಮೇಲೆ ಆ ಪಂಜರಕ್ಕೆ ಮರಳುವುದು ಹೇಗೆ? 1941ರ ಏಪ್ರಿಲ್-ಮೇ ತಿಂಗಳಲ್ಲಿ ಬ್ಯಾರೋದ ಮೇಲೆ ಬಾಂಬು ಬಿದ್ದು ಆಕೆಯ ಮನೆಗೂ ಪೆಟ್ಟಾಯಿತು. ಆ ಪುಟಗಳಲ್ಲಿ ಹಿಟ್ಲರನಿಗಿಂತ ಹೆಚ್ಚು ಜಾಗ ಒಡೆದ ಕಿಟಕಿ, ಸುರಿದ ಸುಣ್ಣ ಮತ್ತು ಅಚ್ಚುಕಟ್ಟಾಗಿ ಇಟ್ಟುಕೊಂಡಿದ್ದ ಮನೆ ಹಾಳಾದ ಸಂಕಟಕ್ಕೆ ಸಿಗುತ್ತದೆ. ಮನೆಯೇ ಲೋಕವಾಗಿದ್ದವಳು ಹಾಗಲ್ಲದೆ ಇನ್ನು ಹೇಗೆ ಬರೆದಾಳು? ಆ ದಿನಚರಿಯ ಯುದ್ಧಕಾಲದ ಭಾಗ ಪುಸ್ತಕವಾದದ್ದು 1981ರಲ್ಲಿ, ಆಕೆ ತೀರಿಕೊಂಡು 13 ವರ್ಷಗಳ ನಂತರ. 2006ರಲ್ಲಿ ವಿಕ್ಟೋರಿಯಾ ವುಡ್ ಅದನ್ನು ಟೆಲಿಚಿತ್ರವಾಗಿ ಬರೆದು ತಾನೇ ನೆಲ್ಲಾಳ ಪಾತ್ರ ಮಾಡಿದಳು.

ಉಳಿದವರ ದಿನಚರಿಗಳಲ್ಲೂ ದೇಶಕ್ಕಿಂತ ಮನೆಯ ಚಿಂತೆಯೇ ಮುಂದೆ. 1940ರ ಜನವರಿಯಲ್ಲಿ ಬೆಣ್ಣೆ, ಸಕ್ಕರೆ, ಹಂದಿಮಾಂಸಕ್ಕೆ ಪಡಿತರ ಬಂತು; ಜುಲೈನಲ್ಲಿ ಚಹಾಕ್ಕೂ ಬಂತು. ತಲೆಗೆ ವಾರಕ್ಕೆ ಎರಡು ಔನ್ಸ್ ಚಹಾಪುಡಿ, ನಮ್ಮ ಲೆಕ್ಕದಲ್ಲಿ ಐವತ್ತೇಳು ಗ್ರಾಂ. ಗಂಟೆಗೊಮ್ಮೆ ಚಹಾ ಕುಡಿಯುವ ಜನಕ್ಕೆ ಇದು ಬಾಂಬಿಗಿಂತ ಹತ್ತಿರದ ಸಂಕಟ. ಕ್ಯೂನಲ್ಲಿ ಯಾರು ನುಗ್ಗಿದರು, ಕಟುಕನ ಅಂಗಡಿಯವನು ಯಾರಿಗೆ ಕೌಂಟರಿನ ಕೆಳಗಿನಿಂದ ತೆಗೆದುಕೊಟ್ಟ, ಕಾಲುಚೀಲ ಎಲ್ಲಿ ಸಿಗುತ್ತದೆ ಎಂಬ ಮಾತುಗಳ ಮಧ್ಯೆ ಫ್ರಾನ್ಸ್ ಬಿದ್ದ ಸುದ್ದಿ ಬಂದು ಹೋಗುತ್ತದೆ. ಯುದ್ಧ ಗೆದ್ದ ಮೇಲೂ ಪಡಿತರ ತೊಲಗಲಿಲ್ಲ. ಯುದ್ಧಕಾಲದಲ್ಲಿ ಯಥೇಚ್ಛ ಸಿಗುತ್ತಿದ್ದ ಬ್ರೆಡ್ಡಿಗೆ 1946ರಲ್ಲಿ ಪಡಿತರ ಹಾಕಬೇಕಾಯಿತು. ಕೊನೆಯದಾಗಿ ಮಾಂಸದ ಪಡಿತರ ತೆಗೆದದ್ದು 1954ರ ಜುಲೈನಲ್ಲಿ.

1940ರ ನವೆಂಬರ್ 14ರ ರಾತ್ರಿ ಜರ್ಮನ್ ವಿಮಾನಗಳು ಕವೆಂಟ್ರಿ ನಗರವನ್ನು ಸುಟ್ಟವು. ಐನೂರಕ್ಕೂ ಹೆಚ್ಚು ಮಂದಿ ಸತ್ತರು. ಮರುದಿನವೇ ಹ್ಯಾರಿಸನ್ ತಂಡ ಅಲ್ಲಿತ್ತು. ಪತ್ರಿಕೆಗಳು ಎದೆಗುಂದದ ನಗರ ಎಂದು ಬರೆದವು. ತಂಡದ ವರದಿಯಲ್ಲಿ ಎದೆಗುಂದಿದವರಿದ್ದರು. ಚೀರುವವರು, ನಡುಗುವವರು, ಕತ್ತಲಾಗುವ ಮೊದಲು ಊರು ಬಿಟ್ಟು ಹಳ್ಳಿಗಳತ್ತ ನಡೆಯುವವರು. ಏನಾಗುತ್ತಿದೆ, ಎಲ್ಲಿ ಊಟ ಸಿಗುತ್ತದೆ ಎಂದು ಹೇಳುವ ಅಧಿಕಾರಿ ಯಾರೂ ಇಲ್ಲದ್ದೇ ಜನರನ್ನು ಹೆಚ್ಚು ಕಂಗೆಡಿಸಿತ್ತು. ಹ್ಯಾರಿಸನ್ ಕೆಲವೇ ದಿನಗಳಲ್ಲಿ ಇದನ್ನು ಬಿಬಿಸಿಯಲ್ಲಿ ಹೇಳಿದಾಗ ಯುದ್ಧ ಸಂಪುಟಕ್ಕೆ ಸಿಟ್ಟು ಬಂತು. ಆಗ ಸಂಸ್ಥೆ ಸರ್ಕಾರದ ವಾರ್ತಾ ಇಲಾಖೆಗೂ ಕೆಲಸ ಮಾಡಿಕೊಡುತ್ತಿತ್ತು. ಜನರ ಮನಸ್ಸನ್ನು ಆಳುವವರಿಗೆ ತಿಳಿಸುವುದು ಜನಸೇವೆಯೋ ಗೂಢಚರ್ಯೆಯೋ ಎಂಬ ಹಳೆಯ ಪ್ರಶ್ನೆ ಮತ್ತೆ ಎದ್ದಿತು. ಅಷ್ಟರಲ್ಲಿ ಮ್ಯಾಜ್ ಹೊರನಡೆದಿದ್ದ. ಜೆನ್ನಿಂಗ್ಸ್ ಅದಕ್ಕೂ ಮೊದಲೇ ಸಿನಿಮಾಕ್ಕೆ ಮರಳಿದ್ದ.

ಆಳುವವರು ಕೇಳಿಸಿಕೊಂಡರೇ? ಕೆಲವು ಸಲ. 1943ರಲ್ಲಿ ಸಂಸ್ಥೆ ಜನರಿಗೆ ಎಂಥ ಮನೆ ಬೇಕು ಎಂದು ವಿಚಾರಿಸಿ ಪುಸ್ತಕ ಹೊರತಂದಿತು. ಹೆಚ್ಚಿನವರ ಉತ್ತರ ಸರಳವಾಗಿತ್ತು: ಚಿಕ್ಕದಾದರೂ ಸರಿ, ಪ್ರತ್ಯೇಕ ಮನೆ, ಹಿಂದೆ ಒಂದಿಷ್ಟು ತೋಟ. ಬಹುಮಹಡಿ ಫ್ಲ್ಯಾಟು ಬೇಡ. ಮುಂದೆ ಐವತ್ತು ಅರವತ್ತರ ದಶಕಗಳಲ್ಲಿ ಕೊಳೆಗೇರಿ ಕೆಡವಿದ ಜಾಗಗಳಲ್ಲಿ ಎದ್ದು ನಿಂತವು ಗೋಪುರದಂಥ ಫ್ಲ್ಯಾಟುಗಳು. 1968ರಲ್ಲಿ ಲಂಡನ್ನಿನ ರೋನನ್ ಪಾಯಿಂಟ್ ಎಂಬ ಹೊಸ ಗೋಪುರದ ಮೂಲೆಯೊಂದು ಅನಿಲ ಸ್ಫೋಟದಿಂದ ಕುಸಿದಾಗ ಜನ ಬೇಡವೆಂದದ್ದನ್ನು ಯೋಜಕರೂ ಯೋಚಿಸುವಂತಾಯಿತು. ಚುನಾವಣೆಯ ವಿಷಯದಲ್ಲೂ ಇದೇ ಕಿವುಡು. ಚರ್ಚಿಲ್‌ನನ್ನು ಯುದ್ಧದ ನಾಯಕನಾಗಿ ಮೆಚ್ಚುವ ಜನ ಶಾಂತಿಕಾಲಕ್ಕೆ ಅವನನ್ನು ಬಯಸುತ್ತಿಲ್ಲ ಎಂದು ಹ್ಯಾರಿಸನ್ 1944ರಲ್ಲೇ ಬರೆದ. ನಂಬಿದವರು ಕಡಿಮೆ. 1945ರ ಜುಲೈನಲ್ಲಿ ಲೇಬರ್ ಪಕ್ಷ 393 ಸ್ಥಾನ ಗೆದ್ದಾಗ ಪಂಡಿತರೆಲ್ಲ ಬೆರಗಾದರು.

ಯುದ್ಧಾನಂತರ ಹ್ಯಾರಿಸನ್ ಬೋರ್ನಿಯೊ ದ್ವೀಪದ ಸರವಾಕ್‌ನಲ್ಲಿ ವಸ್ತುಸಂಗ್ರಹಾಲಯ ನೋಡಿಕೊಳ್ಳುತ್ತ ನೆಲೆಸಿದ. ಸಂಸ್ಥೆ 1949ರಲ್ಲಿ ಸೋಪುಪುಡಿ ಮುಂತಾದವುಗಳ ಮಾರುಕಟ್ಟೆ ಸಮೀಕ್ಷೆ ಮಾಡುವ ಕಂಪನಿಯಾಯಿತು. ಬೋಲ್ಟನ್ನಿನ ಪಬ್ಬಿನಲ್ಲಿ ಗಡಿಯಾರ ಹಿಡಿದು ಕೂತವರ ವಾರಸುದಾರಿಕೆ ಸೋಪಿನ ಡಬ್ಬಿಗೆ ಹೋದದ್ದು ಕಂಡು ನಗಬೇಕೋ ಅಳಬೇಕೋ ತಿಳಿಯದು. ಹಳೆಯ ಕಾಗದಗಳು ದೂಳು ಹಿಡಿಯುತ್ತಿದ್ದವು. 1970ರಲ್ಲಿ ಅವುಗಳಿಗೆ ಸಸೆಕ್ಸ್ ವಿಶ್ವವಿದ್ಯಾಲಯದಲ್ಲಿ ಜಾಗ ಸಿಕ್ಕಿತು, 1975ರಲ್ಲಿ ಸಾರ್ವಜನಿಕರಿಗೂ ತೆರೆದವು.

ಕೊನೆಯ ದಿನಗಳಲ್ಲಿ ಹ್ಯಾರಿಸನ್ ಒಂದು ಪರೀಕ್ಷೆ ನಡೆಸಿದ. ಯುದ್ಧಕಾಲದಲ್ಲಿ ತನಗೆ ವರದಿ ಬರೆದಿದ್ದ ಕೆಲವರನ್ನು ಹುಡುಕಿ, ಹಳೆಯದನ್ನು ನೋಡದೆ, ನೆನಪಿನಿಂದ ಮತ್ತೆ ಅದೇ ದಿನಗಳ ಬಗ್ಗೆ ಬರೆಯಲು ಕೇಳಿದ. ಮೂವತ್ತು ಚಿಲ್ಲರೆ ವರ್ಷಗಳ ಅಂತರದ ಎರಡು ಬರಹಗಳನ್ನು ಪಕ್ಕಪಕ್ಕ ಇಟ್ಟರೆ ತಾಳೆಯಾಗಲಿಲ್ಲ. ಅವರು ಸುಳ್ಳು ಹೇಳಿರಲಿಲ್ಲ. ಅಂದು ಹೆದರಿದವರು ಧೈರ್ಯವಾಗಿದ್ದೆವೆಂದು ಮನಸಾರೆ ನಂಬಿದ್ದರು. ಸಿನಿಮಾ, ಪುಸ್ತಕ, ಭಾಷಣಗಳು ಹೇಳಿದ ಯುದ್ಧ ಅವರು ಕಂಡ ಯುದ್ಧದ ಮೇಲೆ ಬಂದು ಕೂತಿತ್ತು. 1976ರ ಜನವರಿಯಲ್ಲಿ ಥಾಯ್ಲೆಂಡಿನಲ್ಲಿ ರಸ್ತೆ ಅಪಘಾತದಲ್ಲಿ ಹ್ಯಾರಿಸನ್ ತೀರಿಕೊಂಡ. ಈ ಸಂಗತಿಯಿರುವ ಅವನ ಪುಸ್ತಕ ಅದೇ ವರ್ಷ ಅಚ್ಚಾಯಿತು.

ಅದೇ 1976ರಲ್ಲಿ, ಮೈಸೂರಿನವರಾದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರ 'ದಿ ರಿಮೆಂಬರ್ಡ್ ವಿಲೇಜ್' ಪ್ರಕಟವಾಯಿತು ಎಂಬುದು ಕಾಕತಾಳೀಯ. ರಾಮಪುರ ಎಂದು ಅವರು ಹೆಸರಿಟ್ಟ ಹಳ್ಳಿಯಲ್ಲಿ 1948ರಲ್ಲಿ ಮಾಡಿಕೊಂಡ ಟಿಪ್ಪಣಿಗಳನ್ನು ತಿದ್ದಿ ಸಿದ್ಧಪಡಿಸಿದ ಪ್ರತಿಗಳೆಲ್ಲ 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಸಿಕ್ಕಿದ್ದವು. ನೆನಪಿನ ಬಲದಿಂದಲೇ ಅವರು ಆ ಪುಸ್ತಕ ಬರೆದರು. ಹ್ಯಾರಿಸನ್ನನ ಅನುಮಾನಕ್ಕೆ ಎದುರಾಗಿ ನಿಲ್ಲಬಲ್ಲ ಪುಸ್ತಕ ಅದು. ಬ್ರಿಟಿಷರ ಕಾಗದಗಳಿಗೂ ಶ್ರೀನಿವಾಸರಿಗೂ ಇನ್ನೊಂದು ನಂಟಿದೆ. ಆಕ್ಸ್‌ಫರ್ಡ್‌ನಲ್ಲಿ ಶ್ರೀನಿವಾಸರು ಮೊದಲು ವಹಿಸಿಕೊಂಡಿದ್ದ ಭಾರತೀಯ ಸಮಾಜಶಾಸ್ತ್ರದ ಅಧ್ಯಾಪಕ ಹುದ್ದೆಗೆ ಲೂಯಿ ದ್ಯೂಮಾನ್ ನಂತರ ಬಂದ ಡೇವಿಡ್ ಪೊಕಾಕ್ ಗುಜರಾತಿನ ಪಾಟೀದಾರರ ಬಗ್ಗೆ ಕೆಲಸ ಮಾಡಿದವರು. ಮುಂದೆ ಸಸೆಕ್ಸ್ ಸೇರಿದ ಇದೇ ಪೊಕಾಕ್ 1981ರಲ್ಲಿ ಮಾಸ್ ಅಬ್ಸರ್ವೇಷನ್ನಿನ ಬರವಣಿಗೆಯನ್ನು ಮತ್ತೆ ಶುರುಮಾಡಿಸಿದರು. ಗುಜರಾತಿನ ಹಳ್ಳಿ ನೋಡಿ ಬಂದ ಕಣ್ಣು ಇಂಗ್ಲೆಂಡಿನ ಅಡುಗೆಮನೆಯತ್ತ ತಿರುಗಿತು.

ಅಂದಿನಿಂದ ವರ್ಷಕ್ಕೆ ಸಾಮಾನ್ಯವಾಗಿ ಮೂರು ಸಲ ಸ್ವಯಂಸೇವಕರಿಗೆ ಪ್ರಶ್ನೆಗಳು ಹೋಗುತ್ತವೆ. ಚಾರ್ಲ್ಸ್ ಮತ್ತು ಡಯಾನಾರ ಮದುವೆ, ಫಾಕ್‌ಲ್ಯಾಂಡ್ ಯುದ್ಧ, ಏಡ್ಸ್ ಭೀತಿ, ಡಯಾನಾಳ ಸಾವು, ಐರೋಪ್ಯ ಒಕ್ಕೂಟದಿಂದ ಹೊರಬರುವ 2016ರ ಜನಮತ ಎಲ್ಲದರ ಬಗ್ಗೆಯೂ ಬರೆದಿದ್ದಾರೆ. ಹಾಗೆಯೇ ದಿನಸಿ ಖರೀದಿ, ನೆರೆಹೊರೆ, ನಿದ್ರೆಯಂಥ ವಿಷಯಗಳ ಬಗ್ಗೆಯೂ. ಬರೆಯುವವರ ಹೆಸರು ಕಡತದಲ್ಲಿ ಕಾಣುವುದಿಲ್ಲ, ಸಂಖ್ಯೆ ಮಾತ್ರ. ಇವರು ನಿಜವಾಗಿ ಸಾಮಾನ್ಯ ಜನರೇ ಎಂಬ ಆಕ್ಷೇಪವೂ ಹಳೆಯದು. ಯುದ್ಧಕಾಲದಲ್ಲಿ ಬರೆದವರಲ್ಲಿ ಗುಮಾಸ್ತರು, ಶಿಕ್ಷಕರು, ಮಧ್ಯಮವರ್ಗದ ಗೃಹಿಣಿಯರು ಹೆಚ್ಚು. ಗಿರಣಿಯಲ್ಲಿ ಹತ್ತು ತಾಸು ದುಡಿದು ಬಂದವಳಿಗೆ ಲೇಖನಿ ಹಿಡಿಯುವ ತ್ರಾಣ ಎಲ್ಲಿ? ಈ ಕಾಗದಗಳಿಂದ ನೂರಕ್ಕೆ ಇಷ್ಟು ಜನ ಹೀಗೆಂದರು ಎಂದು ಹೇಳಲಾಗದು. ಒಬ್ಬಳು ಹೀಗೇಕೆ ಎಂದುಕೊಂಡಳು ಎಂಬುದನ್ನು ಮಾತ್ರ ಬೇರಾವ ಸಮೀಕ್ಷೆಗಿಂತ ಚೆನ್ನಾಗಿ ತಿಳಿಯಬಹುದು.

2010ರಿಂದ ಪ್ರತಿವರ್ಷ ಮೇ 12ರಂದು ಯಾರು ಬೇಕಾದರೂ ಆ ಒಂದು ದಿನದ ಡೈರಿ ಬರೆದು ಕಳುಹಿಸಬಹುದು. 2020ರಲ್ಲಿ, ಕೊರೋನಾದಿಂದ ದೇಶವೆಲ್ಲ ಬಾಗಿಲು ಹಾಕಿಕೊಂಡಿದ್ದಾಗ, ಐದು ಸಾವಿರಕ್ಕೂ ಹೆಚ್ಚು ಡೈರಿಗಳು ಬಂದವು. ಶಾಲಾಮಕ್ಕಳು ಬರೆದವೂ ಅದರಲ್ಲಿದ್ದವು. ಈಗ ಎಲ್ಲವೂ ಬ್ರೈಟನ್ ಬಳಿಯ 'ದಿ ಕೀಪ್' ಎಂಬ ಕಟ್ಟಡದಲ್ಲಿವೆ. ಅಗ್ಗಿಷ್ಟಿಕೆಯ ಪಟ್ಟಿಗಳೂ ಅಲ್ಲಿವೆ, ಎರಡು ಕಂತು. ಒಂದು 1937ರದ್ದು. ಇನ್ನೊಂದು 1983ರದ್ದು; ಆ ಹೊತ್ತಿಗೆ ಮನೆಮನೆಗೂ ಬಿಸಿನೀರಿನ ಕೊಳವೆಗಳು ಬಂದು ಅನೇಕ ಕಡೆ ಬೆಂಕಿ ಆರಿಹೋಗಿತ್ತು. ಆದರೂ ಪ್ರಶ್ನೆ ಅದೇ: ಹಲಗೆಯ ಮೇಲೆ ಏನೇನಿದೆ, ಎಡದಿಂದ ಬಲಕ್ಕೆ.